‘ನಂದು’ ಅನ್ನಲಿಕ್ಕೆ ನೇಪಾಳಕ್ಕೆ

ಚಿಕ್ಕೋಡಿ ಬಿಟ್ಟದ್ದು

ನೇಪಾಳದವರು ನಮ್ಮನ್ನು ಯಾಕೆ ಕರೆದರು ಎಂಬುದು ನನಗೆ ಇಂದಿಗೂ ಪೂರ್ತಿ ತಿಳಿದಿಲ್ಲ. ಅದು ಅವರ ದೇಶದ ಕಿರಿಯರ ರಾಷ್ಟ್ರೀಯ ಬೇಸ್‌ಬಾಲ್ ಮತ್ತು ಸಾಫ್ಟ್‌ಬಾಲ್ ಪಂದ್ಯಾವಳಿ. ಹುಡುಗಿಯರ ಸಾಫ್ಟ್‌ಬಾಲಿಗೆ ತಂಡಗಳು ಸಾಲದ್ದರಿಂದ ಗಡಿಯಾಚೆಯ ಒಂದು ತಂಡವನ್ನು ಅತಿಥಿಯಾಗಿ ಕರೆದರು ಎಂದು ಮಗದುಮ್ ಮಾಸ್ತರರು ಹೇಳುತ್ತಾರೆ. ಯಾವುದೋ ದೊಡ್ಡ ಊರಿನವರು ಒಲ್ಲೆವೆಂದ ಮೇಲೆ ಆ ಕರೆ ಕೈಯಿಂದ ಕೈಗೆ ದಾಟಿ ಚಿಕ್ಕೋಡಿಗೆ ಬಂದು ಬಿದ್ದಿತೆಂದು ನನ್ನ ಅನುಮಾನ. ನಾನು ಧಾರವಾಡದಲ್ಲಿ ಇತಿಹಾಸ ಓದಿ, ಕಾಲೇಜಿನಲ್ಲಿ ಅದನ್ನೇ ಕಲಿಸುವವನು. ಸಾಕ್ಷಿ ಇಲ್ಲದ ಮಾತನ್ನು ನಂಬಬೇಡಿ ಎಂದು ವರ್ಷವಿಡೀ ಹೇಳಿ ಹೇಳಿ, ಕೊನೆಗೆ ನನ್ನ ನೆನಪನ್ನೇ ನಂಬದ ಸ್ಥಿತಿಗೆ ಬಂದಿದ್ದೇನೆ. ಈ ಪ್ರವಾಸದ ವಿಷಯದಲ್ಲಂತೂ ಅದು ಹೆಚ್ಚು.

ಮಾಸ್ತರರು ನಮ್ಮ ಕಡೆಯ ದೈಹಿಕ ಶಿಕ್ಷಕರು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಲ್ಲ ಕಡೆಯಿಂದ ಹುಡುಗಿಯರನ್ನು ಹುಡುಕಿ ತಂದು, ಕಬ್ಬು ಕಡಿದ ಬಯಲಿನಲ್ಲಿ ಆಡಿಸಿ ತಂಡ ಕಟ್ಟಿದವರು. ತಂಡದ ಜೊತೆ ಇಂಗ್ಲಿಷೂ ಹಿಂದಿಯೂ ಬರುವ ಒಬ್ಬ ವ್ಯವಸ್ಥಾಪಕ ಇರಬೇಕೆಂದು ಅವರು ನನ್ನನ್ನು ಎಳೆದುಕೊಂಡರು. ಒಂದೇ ಊರಿನಲ್ಲಿ ಬಹಳ ದಿನ ಕೂತರೆ ನನಗೆ ಕಾಲು ತುರಿಸುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ನೇಪಾಳಕ್ಕೆ ಪಾಸ್‌ಪೋರ್ಟ್ ಬೇಡ, ಶಾಲೆಯ ಗುರುತಿನ ಚೀಟಿ ಸಾಕು. ಈ ಒಂದು ಸಂಗತಿಯಿಂದಲೇ ನಮ್ಮ ಹುಡುಗಿಯರಿಗೆ ಪರದೇಶ ಸಿಕ್ಕಿತು.

ಮೀರಜದಲ್ಲಿ ರೈಲು ಹತ್ತಿದ ಮೇಲೆ, ಗೋರಖಪುರದವರೆಗೆ ಮಾಡಲು ಬೇರೇನೂ ಇರಲಿಲ್ಲ. ಕಟಕ ರೊಟ್ಟಿಯ ಗಂಟು ಬಿಚ್ಚಿ, ಶೇಂಗಾ ಚಟ್ನಿ ಹಾಕಿಕೊಂಡು ಮಾಸ್ತರರು ತಮ್ಮ ಚಿಂತೆಯನ್ನು ಹೊರಗೆ ಹಾಕಿದರು.

‘ಪ್ರಮಿಳಾನ್ನ ನೋಡೀರಿಲ್ಲ ಸರ್? ಆ ಕಿಟಕಿ ಬಾಜೂಕ ಕುಂತಾಳಲ್ಲ, ಆಕಿ. ಹಂಗ ಓಡು ಹುಡುಗಿ ನಾ ಎಲ್ಲೂ ನೋಡಿಲ್ಲ. ಬೆಳಗಾವಿ ಕಡೆ ಒಂದು ಕ್ರೀಡಾ ಹಾಸ್ಟೆಲ್ ಐತಿ. ಈ ಸಲ ನಮ್ಮ ಕಡೆಯಿಂದ ಒಬ್ಬಾಕಿನ್ನ ಕಳಸಬೇಕು. ಅಲ್ಲಿ ಹೋದ್ರ ಓದೂ ಆಕ್ಕೈತಿ, ಆಟಾನೂ ಆಕ್ಕೈತಿ. ಇಲ್ಲಂದ್ರ ಅವ್ವನ ಜೋಡಿ ದ್ರಾಕ್ಷಿ ತ್ವಾಟಕ್ಕ ಹೋಗೂದ.’

‘ಮತ್ತ ಆಕಿನ್ನ ಕಳಸ್ರಿ.’

‘ಹೆಂಗ ಕಳಸ್ಲಿ? ಬಾಯಿ ಇಲ್ರಿ ಆಕಿಗೆ.’

ಇದಕ್ಕೆ ಸ್ವಲ್ಪ ವಿವರಣೆ ಬೇಕು. ಸಾಫ್ಟ್‌ಬಾಲಿನಲ್ಲಿ ಹೊಡೆದ ಚೆಂಡು ಮೇಲೆ ಹಾರಿದಾಗ ಇಬ್ಬರು ಅದರ ಕಡೆ ಓಡುತ್ತಾರೆ. ಇಬ್ಬರ ಕಣ್ಣೂ ಆಕಾಶದಲ್ಲಿ. ಹಿಡಿಯುವವಳು ಜೋರಾಗಿ ‘ನಂದು’ ಎಂದು ಕೂಗಬೇಕು, ಇನ್ನೊಬ್ಬಳು ದಾರಿ ಬಿಡಬೇಕು. ಬಯಲಿನ ನಟ್ಟನಡುವೆ ಹಿಂದೆ ನಿಲ್ಲುವವಳ ಕೂಗಿಗೆ ಎಲ್ಲರಿಗಿಂತ ಹೆಚ್ಚಿನ ಹಕ್ಕು. ಆ ಜಾಗ ಪ್ರಮಿಳಾಳದು. ಅವಳ ಎಡಕ್ಕೆ ಸುನಂದಾ. ಪ್ರಮಿಳಾಳ ತಾಯಿ ಕೆಲಸ ಮಾಡುವ ದ್ರಾಕ್ಷಿ ತೋಟ ಸುನಂದಾಳ ಮನೆಯದು. ಕಾಗವಾಡದ ಹತ್ತಿರ ಇಬ್ಬರದೂ ಒಂದೇ ಹಳ್ಳಿ, ವಯಸ್ಸಿನಲ್ಲಿ ಒಂದು ವರ್ಷದ ಅಂತರ. ಪ್ರಮಿಳಾ ಅವಳನ್ನು ‘ಅಕ್ಕಾರ’ ಎನ್ನುತ್ತಾಳೆ, ಅಂದರೆ ಅಕ್ಕನವರೇ.

‘ಅಕ್ಕಾರ ಮುಂದ ನಿಂತಾಗ ಈಕಿ ಬಾಯಾಗಿಂದ ನಂದು ಅಂತ ಬರೂದಿಲ್ರಿ,’ ಎಂದರು ಮಾಸ್ತರರು. ‘ಹಾಸ್ಟೆಲ್ಲಿನ ಆಯ್ಕೀ ದಿನ ನಡುವ ನಿಂತು ಕೂಗಲಿಲ್ಲಂದ್ರ, ಯಾವಳದೋ ತಲಿಗೆ ತಲಿ ಹೊಡಿತೈತಿ. ಅವ್ರು ನನ್ನ ಕೇಳ್ತಾರ, ಮೂಕೀನ ಯಾಕ ಕಳಿಸಿದಿ ಅಂತ. ನೇಪಾಳದಾಗ ಒಂದ ಸಲ ಕೂಗಿದ್ರ ಸಾಕು, ನಾ ಕಳಸ್ತೀನಿ. ಆಕಿಗೂ ಹೇಳೀನಿ.’

ಕಿಟಕಿಯ ಹತ್ತಿರ ಪ್ರಮಿಳಾ ಸುನಂದಾಳಿಗೆ ಉಪ್ಪಿನಕಾಯಿಯ ಡಬ್ಬಿ ಕೊಡುತ್ತಿದ್ದಳು. ಎರಡೂ ಕೈಯಿಂದ.

ಸುನೌಲಿ

ಗಡಿಯಲ್ಲಿ ಒಂದು ಕಮಾನು ಇದೆ. ಅದು ನೀಲಿ ಬಣ್ಣದ್ದೆಂದು ನಾನು ಬಹಳ ಜನರಿಗೆ ಹೇಳಿದ್ದೇನೆ. ಮಾಸ್ತರರು ಹಳದಿ ಎನ್ನುತ್ತಾರೆ. ಆ ವರ್ಷ ನಮ್ಮಲ್ಲಿ ಯಾರ ಕೈಯಲ್ಲೂ ಫೋಟೋ ತೆಗೆಯುವ ಫೋನ್ ಇರಲಿಲ್ಲ; ಆದ್ದರಿಂದ ಕಮಾನು ನಮ್ಮಿಬ್ಬರ ತಲೆಯಲ್ಲಿ ಎರಡು ಬಣ್ಣದಲ್ಲಿ ನಿಂತಿದೆ.

ಸೈಕಲ್‌ರಿಕ್ಷಾಗಳು, ಈರುಳ್ಳಿ ಚೀಲ ಹೊತ್ತವರು, ಮದುವೆಗೆ ಹೊರಟ ಒಂದು ಕುಟುಂಬ ನಮ್ಮ ಜೊತೆಗೇ ದೇಶ ದಾಟುತ್ತಿದ್ದವು. ಚೆಂಡು ಎಸೆಯುವ ಹುಡುಗಿ ನಿಪ್ಪಾಣಿಯ ರೂಪಾಲಿ. ಅವಳ ಮನೆಮಾತು ಮರಾಠಿ, ಸಿಟ್ಟು ಬಂದರೆ ಮಾತ್ರ ಕನ್ನಡ. ಅವಳು ಒಂದು ಕಾಲನ್ನು ಆಚೆ ಇಟ್ಟು ನಿಂತಳು.

‘ಸರ್, ಪರದೇಶ ಕುಠೇ ಸುರೂ ಹೋತೋ?’ ಪರದೇಶ ಎಲ್ಲಿಂದ ಶುರು ಎಂದು ಅವಳ ಪ್ರಶ್ನೆ.

‘ನಿನ್ನ ಬಲಗಾಲು ಪರದೇಶದಾಗ ಐತಿ,’ ಎಂದೆ.

ಅವಳು ಎರಡೂ ಕಾಲನ್ನು ಸಿಟ್ಟಿನಿಂದ ನೋಡಿಕೊಂಡಳು. ‘ಏನೂ ಆಗಲೇ ಇಲ್ಲಲ್ರಿ. ನಿಪ್ಪಾಣಿಯಿಂದ ಕಾಗಲಕ್ಕ ಹೋದಂಗ ಆತು.’

ಅವಳು ಹೇಳಿದ್ದು ತಪ್ಪಲ್ಲ. ಕಾಗಲ ನಿಪ್ಪಾಣಿಯ ಪಕ್ಕದಲ್ಲೇ, ಆದರೆ ಮಹಾರಾಷ್ಟ್ರದಲ್ಲಿದೆ. ಗಡಿಯ ಮೇಲೆಯೇ ಹುಟ್ಟಿ ಬೆಳೆದವರಿಗೆ ಗಡಿ ಬೆರಗು ಹುಟ್ಟಿಸುವುದಿಲ್ಲ. ಅಂಗಡಿಯ ಬೋರ್ಡಿನ ಅಕ್ಷರ ಬದಲಾಗುತ್ತದೆ, ಚಹದ ರುಚಿ ಅದೇ ಇರುತ್ತದೆ. ಇಲ್ಲಿ ಅಕ್ಷರವೂ ಅದೇ ನಾಗರಿ. ರೂಪಾಲಿ ಒಂದೊಂದೇ ಬೋರ್ಡನ್ನು ಗಟ್ಟಿಯಾಗಿ ಓದುತ್ತ, ಅರ್ಥವಾಗದಿದ್ದಾಗ ಅವರದೇ ತಪ್ಪೆಂಬಂತೆ ತಲೆ ಆಡಿಸುತ್ತ ನಡೆದಳು.

ಆದರೆ ಒಂದು ಬದಲಾವಣೆ ನಮ್ಮ ಗಮನಕ್ಕೆ ಬಾರದೆ ಹೋಯಿತು. ನೇಪಾಳದ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದೆ. ಇದನ್ನು ನಾನು ಓದಿದ್ದೆ. ಓದಿದ್ದು ನೆನಪಾದದ್ದು ಮಾತ್ರ ಮೊದಲ ಪಂದ್ಯದ ದಿನ, ಎದುರಾಳಿ ತಂಡ ಬಿಸಿಲಲ್ಲಿ ನಿಂತು ನಮ್ಮ ಬಸ್ಸಿಗೆ ಕಾಯುತ್ತಿದ್ದುದನ್ನು ಕಂಡ ಮೇಲೆ.

ಬುಟ್ವಲ್

ಬುಟ್ವಲ್‌ವರೆಗೆ ನೆಲ ನಮ್ಮ ಕೃಷ್ಣಾ ತೀರದ ಹಾಗೆ ಚಪ್ಪಟೆ. ಊರು ಮುಗಿಯುವಲ್ಲಿ ಮಾತ್ರ ಗುಡ್ಡ ಏಕಾಏಕಿ ಗೋಡೆಯಂತೆ ಏಳುತ್ತದೆ. ‘ಇಷ್ಟ ದೊಡ್ಡ ಗುಡ್ಡದಾಗ ಚೆಂಡ ಹೋದ್ರ ಯಾರ ತರೂದು?’ ಎಂದು ಹುಡುಗಿಯರು ಕೇಳಿಕೊಂಡರು.

ನಮ್ಮನ್ನು ಒಂದು ಶಾಲೆಯಲ್ಲಿ ಇಳಿಸಿದರು. ಬೆಳಗ್ಗೆಯೂ ಸಂಜೆಯೂ ಅನ್ನದ ಗುಡ್ಡ, ಬೇಳೆ, ಸೊಪ್ಪು. ಎದುರಿಗೆ ಸಿಕ್ಕವರೆಲ್ಲ ‘ಖಾನಾ ಖಾನು ಭಯೋ?’ ಎನ್ನುತ್ತಿದ್ದರು. ‘ಊಟಕ್ಕ ಭಯ ಯಾಕ್ರಿ ಇವ್ರಿಗೆ?’ ಎಂದು ಪ್ರಮಿಳಾ ನನ್ನನ್ನು ಕೇಳಿದಳು. ಊಟ ಆಯಿತೇ ಎಂದು ಅದರ ಅರ್ಥ. ನಮ್ಮ ‘ಊಟಾತೇನ್ರಿ’ ಇದ್ದ ಹಾಗೆ, ಉತ್ತರವನ್ನು ಅಷ್ಟಾಗಿ ನಿರೀಕ್ಷಿಸದ ಪ್ರಶ್ನೆ. ಇನ್ನು ಯಾವುದಕ್ಕೂ ಅವರು ‘ಹುನ್ಛ’ ಅನ್ನುತ್ತಾರೆ, ಆಗಲಿ ಎಂದು. ನಮ್ಮ ಕಡೆ ಹುಂಚಿ ಎಂದರೆ ಹುಣಸೆ. ಈ ದೇಶದವರು ದಿನವೆಲ್ಲ ಹುಣಸೆಹಣ್ಣು ಬೇಡುತ್ತಾರೆಂದು ಹುಡುಗಿಯರು ನಕ್ಕು ನಕ್ಕು ಸುಸ್ತಾದರು.

ಮೊದಲ ಪಂದ್ಯಕ್ಕೆ ತಡವಾಗಿ ಬಂದದ್ದಕ್ಕೆ ನಾನು ಮೂರು ಭಾಷೆಯಲ್ಲಿ ಕ್ಷಮೆ ಕೇಳಿದೆ. ಎದುರಾಳಿ ತಂಡದ ನಾಯಕಿ ಸರಿತಾ, ಗಿಡ್ಡಗಿನ ಗಟ್ಟಿ ಹುಡುಗಿ, ಮೂರಕ್ಕೂ ‘ಹುನ್ಛ’ ಅಂದಳು.

ಆಟ ನಡುವಿಗೆ ಬಂದಾಗ ಅವರ ಹುಡುಗಿಯೊಬ್ಬಳು ಹೊಡೆದ ಚೆಂಡು ಎತ್ತರಕ್ಕೆ ಹಾರಿ, ಪ್ರಮಿಳಾ ಮತ್ತು ಸುನಂದಾಳ ನಡುವೆ ಇಳಿಯತೊಡಗಿತು. ಪ್ರಮಿಳಾ ಆಗಲೇ ಅದರ ಕೆಳಗಿದ್ದಳು. ಸುನಂದಾ ಓಡಿ ಬಂದಳು. ಪ್ರಮಿಳಾ ಒಂದು ಹೆಜ್ಜೆ ಹಿಂದೆ ಸರಿದಳು.

‘ಹಿಡೀರಿ ಅಕ್ಕಾರ.’

‘ನೀ ಹಿಡಿ ಬೇ.’

‘ನಿಮ್ದರಿ.’

‘ನೀ ಮೊದಲ ಬಂದೀಯಲ್ಲ.’

ಬಾಗಿಲಲ್ಲಿ ನಿಂತ ಇಬ್ಬರು ನೀವು ಮೊದಲು, ನೀವು ಮೊದಲು ಎನ್ನುವಂತಿತ್ತು. ಚೆಂಡು ಇಬ್ಬರ ಮಧ್ಯೆ ನೆಲಕ್ಕೆ ಬಿದ್ದು ಅಲ್ಲೇ ಕೂತಿತು. ಅವರ ಓಟಗಾರ್ತಿಯರು ಸುತ್ತು ಮುಗಿಸಿ, ಈ ಆಟದಲ್ಲಿ ‘ಮನೆ’ ಎನ್ನುವ ಗುರಿ ಸೇರಿದರು. ಬೇಲಿಯ ಆಚೆ ಜನ ಚಪ್ಪಾಳೆ ತಟ್ಟಿದರು. ನಾವು ಸೋತೆವು.

ಇಷ್ಟೂ ಮಾತು ಒಂದು ಚೆಂಡು ಇಳಿಯುವಷ್ಟರಲ್ಲಿ ಆಗಲು ಸಾಧ್ಯವೇ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಅರ್ಧವನ್ನು ನಾನೇ ಆಮೇಲೆ ಸೇರಿಸಿರಬೇಕು. ಆದರೆ ‘ನಿಮ್ದರಿ’ ಎಂಬುದು ಮಾತ್ರ ನಿಜ. ಅದು ನಾವು ಕೂತಿದ್ದ ಬೆಂಚಿನವರೆಗೂ ಕೇಳಿಸಿತ್ತು.

ಮಾಸ್ತರರು ಬೈಯಲಿಲ್ಲ. ಪ್ರಮಿಳಾಳನ್ನು ಪಕ್ಕಕ್ಕೆ ಕರೆದು, ‘ನಿಮ್ದರಿ ಅನ್ನಾಕ ಬಾಯಿ ಐತಲ್ಲವ್ವಾ ನಿನಗ,’ ಎಂದರು. ‘ಇನ್ನೊಂದ ಆಟ ಐತಿ. ಅದರಾಗೂ ಹಿಂಗಾದ್ರ ಹಾಸ್ಟೆಲ್ಲಿಗೆ ಬ್ಯಾರೆಯವರ ಹೆಸರ ಹೇಳ್ತೀನಿ. ಕೆಟ್ಟ ಅನಕೋಬ್ಯಾಡ.’

‘ಇಲ್ರಿ ಸರ್,’ ಎಂದಳು ಅವಳು. ಕೈಗವಸಿನ ದಾರವನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು.

ಲುಂಬಿನಿ

ಮರುದಿನ ನಮಗೆ ಆಟವಿರಲಿಲ್ಲ. ಲುಂಬಿನಿ ಹತ್ತಿರವೇ ಇದೆಯೆಂದು ಪ್ರಮಿಳಾಳಿಗೆ ಚಿಕ್ಕೋಡಿಯಲ್ಲೇ ಗೊತ್ತಿತ್ತು. ಅವರದು ಬೌದ್ಧ ಮನೆ. ಪಡಸಾಲೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಅವಳು ಗೆದ್ದ ಸ್ಟೀಲಿನ ಲೋಟಗಳು ಎಂದು ಮಾಸ್ತರರು ಹೇಳಿದ್ದರು. ಅವಳು ಬಸ್ಸಿನಲ್ಲಿ ಎಲ್ಲರಿಗಿಂತ ಮೊದಲು ಹತ್ತಿ ಕೂತಿದ್ದಳು. ಇಸ್ತ್ರಿ ಮಾಡಿದ ಬಿಳಿ ಚೂಡಿದಾರ್ ಹಾಕಿದ್ದಳು. ಇದನ್ನು ಅವಳು ಊರಿಂದಲೇ ಬೇರೆ ಚೀಲದಲ್ಲಿ ಮಡಿಸಿ ತಂದಿರಬೇಕು.

ಬುದ್ಧ ಹುಟ್ಟಿದ ಸ್ಥಳವೆಂದು ತೋರಿಸುವ ಕಲ್ಲನ್ನು ಗಾಜಿನ ಒಳಗೆ ಇಟ್ಟಿದ್ದಾರೆ. ಸಾಲಿನಲ್ಲಿ ನಿಂತು ಬಗ್ಗಿ ನೋಡಬೇಕು. ಇಷ್ಟು ಶತಮಾನಗಳ ನಂತರ ಇಷ್ಟೇ ಜಾಗ ಎಂದು ಹೇಗೆ ಹೇಳುತ್ತಾರೆ ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೊರಗೆ ಅಶೋಕನ ಕಂಬವಿದೆ, ಅದರ ಮೇಲೆ ಬರೆದದ್ದೂ ಇದೆ. ಸಾಕ್ಷಿ ಸಾಕಷ್ಟು ಬಲವಾದದ್ದೇ. ಆದರೂ ನನ್ನ ಕಸುಬಿನವರಿಗೆ ಸಾಕೆನ್ನುವುದು ಕಷ್ಟ. ನನ್ನ ಹಿಂದೆಯೇ ಪ್ರಮಿಳಾ ಇದ್ದಳು. ಪ್ರಶ್ನೆಯನ್ನು ನುಂಗಿಕೊಂಡೆ.

ಹೊರಗೆ ಕೊಳದ ಹತ್ತಿರ ಅವಳು ಕೂತು ನೆಲವನ್ನು ಕೈಯಿಂದ ಉಜ್ಜಿ ನೋಡುತ್ತಿದ್ದಳು.

‘ಏನ ಹುಡುಕ್ತಿ?’ ಎಂದೆ.

‘ಅವ್ವ ಕೇಳ್ಯಾಳ್ರಿ ಸರ್. ಅಲ್ಲಿ ನೆಲ ಕಪ್ಪೈತೋ ಕೆಂಪೈತೋ ನೋಡಿ ಬಾ ಅಂತ.’

‘ಯಾವುದೈತಿ?’

‘ಎರಡೂ ಅಲ್ರಿ. ಹಿಟ್ಟಿನಂಗ ಐತಿ. ದ್ರಾಕ್ಷಿ ಬರೂದಿಲ್ಲ ಇದರಾಗ.’ ಸ್ವಲ್ಪ ಯೋಚಿಸಿ, ‘ಭತ್ತ ಬರತೈತಿ,’ ಎಂದಳು.

ಸುನಂದಾ ಬಂದು ಪಕ್ಕದಲ್ಲಿ ಕೂತಳು. ಬೇರೆ ಬೇರೆ ದೇಶದವರು ಕಟ್ಟಿದ ವಿಹಾರಗಳು, ಬಿಳಿಯ ಗೋಡೆಗಳು, ದೊಡ್ಡ ಮರಕ್ಕೆ ಕಟ್ಟಿದ ಬಣ್ಣದ ಬಟ್ಟೆಗಳು, ಬೂದು ಬಟ್ಟೆಯ ಭಿಕ್ಷುಣಿಯರ ಸಾಲು, ಎಲ್ಲವನ್ನೂ ನೋಡಿ ಬಂದು ಅವಳಿಗೆ ದಣಿವಾಗಿತ್ತು.

‘ಪ್ರಮೀ, ಇದೆಲ್ಲಾ ನಿಮ್ದೇನ?’ ಎಂದು ಕೇಳಿದಳು. ಅದರಲ್ಲಿ ಕೊಂಕು ಇರಲಿಲ್ಲ. ಒಬ್ಬರ ಹೊಲ ಎಲ್ಲಿಯವರೆಗೆ ಎಂದು ಕೇಳಿದ ಹಾಗಿತ್ತು.

‘ಹೌದ್ರಿ ಅಕ್ಕಾರ,’ ಎಂದಳು ಪ್ರಮಿಳಾ. ‘ನಮ್ದರಿ.’

ಹಿಂದಿನ ದಿನ ಚೆಂಡಿನ ಕೆಳಗೆ ಬರದ ಮಾತು ಇಲ್ಲಿ ತಡವಿಲ್ಲದೆ ಬಂತು. ನಮ್ಮದು ಎನ್ನುವುದಕ್ಕೂ ನನ್ನದು ಎನ್ನುವುದಕ್ಕೂ ಅಂತರವಿದೆ ಎಂದು ನಾನು ಬಸ್ಸಿನಲ್ಲಿ ಮಾಸ್ತರರಿಗೆ ಹೇಳಿದೆ. ಅವರು, ‘ಅದನ್ನ ನಾಳೆ ಚೆಂಡಿಗೆ ಹೇಳ್ರಿ,’ ಎಂದು ಕಣ್ಣು ಮುಚ್ಚಿದರು.

ಮತ್ತೆ ಬುಟ್ವಲ್

ಬೆಳಗ್ಗೆ ಅಭ್ಯಾಸಕ್ಕೆ ಹೋದಾಗ ಸರಿತಾಳ ತಂಡವೂ ಅದೇ ಬಯಲಲ್ಲಿತ್ತು. ಅವರ ಪದ್ಧತಿಯೊಂದನ್ನು ನಾನು ಗಮನಿಸಿದ್ದೆ. ಶಾಲೆಯ ಅಂಗಳದಲ್ಲಿ ಆ ಹುಡುಗಿಯರು ದೊಡ್ಡವರನ್ನು ‘ತಪಾಈಂ’ ಎನ್ನುತ್ತಿದ್ದರು, ಅಂದರೆ ತಾವು. ಬಯಲಿಗೆ ಇಳಿದ ಕೂಡಲೇ ಎಲ್ಲರಿಗೂ ‘ತಿಮಿ’. ನೀನು.

ನಾನು ಸರಿತಾಳನ್ನು ಕೇಳಿದೆ. ಅವಳು ಹಿಂದಿಯಲ್ಲಿ ಹೇಳಿದಳು: ‘ಲೈನ್ ಕೇ ಅಂದರ್ ಸಬ್ ತಿಮಿ, ಸರ್. ಬಾಹರ್ ಜಾಕೇ ಫಿರ್ ತಪಾಈಂ.’ ಸುಣ್ಣದ ಗೆರೆಯ ಒಳಗೆ ಎಲ್ಲರೂ ನೀನು, ಹೊರಗೆ ಹೋದ ಮೇಲೆ ಮತ್ತೆ ತಾವು. ಇದರಲ್ಲಿ ಕೇಳುವುದೇನಿದೆ ಎಂಬಂತೆ ನನ್ನನ್ನು ನೋಡಿದಳು.

ಮಾಸ್ತರರಿಗೆ ಇದು ಬಹಳ ಹಿಡಿಸಿತು. ‘ಇವತ್ತ ಗೆರಿ ಒಳಗ ಯಾರೂ ರಿ ಅನ್ನಂಗಿಲ್ಲ,’ ಎಂದು ಸಾರಿದರು. ಪರಿಣಾಮ ಏನಾಯಿತೆಂದರೆ, ಬಯಲು ಪೂರ್ತಿ ಮೌನವಾಯಿತು. ರಿ ಇಲ್ಲದೆ ದೊಡ್ಡವರ ಜೊತೆ ಹೇಗೆ ಮಾತಾಡುವುದೆಂದು ಗೊತ್ತಿಲ್ಲದ ಹುಡುಗಿಯರು ಮಾತನ್ನೇ ಬಿಟ್ಟರು. ಚೆಂಡುಗಳು ಸದ್ದಿಲ್ಲದೆ ಬೀಳತೊಡಗಿದವು.

ಸುನಂದಾಳಿಗೆ ಬೇಸರವಾಯಿತು. ‘ನನ್ನ ಹೆಸರ ಹಿಡದ ಕರಿ ಬೇ. ಸುನಂದಾ ಅನ್ನ.’

ಪ್ರಮಿಳಾ ಕೈಗವಸಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ‘ಆಗೂದಿಲ್ರಿ ಅಕ್ಕಾರ. ಅವ್ವ ಬೈತಾಳ.’

‘ನಿಮ್ಮವ್ವ ಇಲ್ಲೆಲ್ಲಿ ಅದಾಳ?’

‘ಅದಾಳ್ರಿ.’

ದಾರಿ ತೋರಿಸಿದವಳು ರೂಪಾಲಿ. ‘ಕನ್ನಡದಾಗ ಬರಂಗಿಲ್ಲಂದ್ರ ಬಿಡಾ. ಸರಿತಾನ ಹುಡುಗ್ಯಾರು ಏನ ಒದರ್ತಾರ? ಮೇರೋ ಅಂತಾರ. ಅದನ್ನ ಒದರ.’ ಮೇರೋ ಎಂದರೆ ನೇಪಾಳಿಯಲ್ಲಿ ನನ್ನದು.

ಮಾಸ್ತರರು ಚೆಂಡನ್ನು ಮೇಲಕ್ಕೆ ಹೊಡೆದರು. ಪ್ರಮಿಳಾ ಓಡಿದಳು, ಸುನಂದಾ ಓಡಿದಳು. ‘ಮೇರೋ’ ಎಂಬ ಕೂಗು ಗುಡ್ಡಕ್ಕೆ ಬಡಿದು ವಾಪಸು ಬಂತು. ಇಷ್ಟು ದೊಡ್ಡ ದನಿ ಅವಳೊಳಗೆ ಇದೆಯೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಮತ್ತೆ ಹೊಡೆದರು, ಮತ್ತೆ ಮೇರೋ. ನೇಪಾಳಿಯಲ್ಲಿ ಅವಳು ಯಾರ ತೋಟದಲ್ಲೂ ದ್ರಾಕ್ಷಿ ಕೊಯ್ದಿರಲಿಲ್ಲ, ಯಾರಿಗೂ ಅಕ್ಕಾರ ಎಂದಿರಲಿಲ್ಲ. ಆ ಭಾಷೆಯಲ್ಲಿ ಅವಳಿಗೆ ಇದ್ದದ್ದು ಆ ಒಂದೇ ಶಬ್ದ. ಸರಿತಾಳ ಹುಡುಗಿಯರು ಆಟ ನಿಲ್ಲಿಸಿ ನೋಡಿ ನಗುತ್ತಿದ್ದರು.

‘ನಡೀತೈತಿ,’ ಎಂದರು ಮಾಸ್ತರರು. ‘ಹಾಸ್ಟೆಲ್ಲಿನ್ಯಾಗೂ ಮೇರೋ ಅನ್ಲಿ. ಹಿಂದಿ ಅಂತ ತಿಳ್ಕೋತಾರ.’

ಮಧ್ಯಾಹ್ನದ ಪಂದ್ಯ ಮತ್ತೆ ಸರಿತಾಳ ತಂಡದ ಮೇಲೆಯೇ. ನಾವು ಅತಿಥಿಗಳು, ಗೆದ್ದರೂ ಸೋತರೂ ಪಂದ್ಯಾವಳಿಯ ಲೆಕ್ಕಕ್ಕೆ ಬರುತ್ತಿರಲಿಲ್ಲ. ಬೇಲಿಯ ಹೊರಗಿನ ಜನರಿಗೂ ಅದು ಗೊತ್ತಿತ್ತು. ಕಡಲೆಕಾಯಿ ಸುಲಿಯುತ್ತ ಅರ್ಧ ಗಮನದಲ್ಲಿ ನೋಡುತ್ತಿದ್ದರು. ಆ ಆಟದಿಂದ ಏನಾದರೂ ಆಗುವುದಿದ್ದರೆ ಅದು ಒಬ್ಬಳಿಗೆ ಮಾತ್ರ.

ಬಹಳ ಹೊತ್ತು ಚೆಂಡು ಅವಳ ಕಡೆ ಬರಲೇ ಇಲ್ಲ. ರೂಪಾಲಿ ಚೆನ್ನಾಗಿ ಎಸೆಯುತ್ತಿದ್ದಳು. ನಾವು ಒಂದು ಓಟದಿಂದ ಮುಂದಿದ್ದೆವು. ಗೆಲ್ಲುವುದಕ್ಕಿಂತ ಹೆಚ್ಚಾಗಿ ಮಾಸ್ತರರು ಚೆಂಡು ಹಾರಲಿ ಎಂದು ಕಾಯುತ್ತಿದ್ದರು. ತಮ್ಮ ತಂಡದ ಎದುರಾಳಿ ಚೆನ್ನಾಗಿ ಹೊಡೆಯಲಿ ಎಂದು ಬಯಸುವ ತರಬೇತುದಾರನನ್ನು ನಾನು ಮೊದಲ ಸಲ ನೋಡಿದೆ.

ಕೊನೆಗೆ ಸರಿತಾ ಹೊಡೆದಳು. ಚೆಂಡು ಬಹಳ ಎತ್ತರಕ್ಕೆ ಹೋಯಿತು. ಗುಡ್ಡದ ಕಪ್ಪಿನ ಎದುರು ಒಂದು ಕ್ಷಣ ಕಾಣಿಸಿ, ಆಕಾಶದಲ್ಲಿ ಮಾಯವಾಗಿ, ಮತ್ತೆ ಕಾಣಿಸಿತು. ಅದೇ ಜಾಗ, ಇಬ್ಬರ ನಡುವೆ. ಸುನಂದಾ ತಲೆ ಮೇಲೆತ್ತಿ ನೇರವಾಗಿ ಓಡಿ ಬರುತ್ತಿದ್ದಳು. ನಡುವಿನಿಂದ ಪ್ರಮಿಳಾ. ನಮ್ಮ ಬೆಂಚಿನವರೆಲ್ಲ ‘ಮೇರೋ’ ಎಂಬ ಶಬ್ದವನ್ನು ಬಾಯಲ್ಲಿ ಹಿಡಿದುಕೊಂಡು ಕಾಯುತ್ತಿದ್ದರು.

ಕಲಿತ ಶಬ್ದ ಅವಳಿಗೆ ಆಗ ಸಿಗಲಿಲ್ಲ.

‘ನಂದರೀ ಅಕ್ಕಾರ, ಸರೀರಿ,’ ಎಂದು ಕೂಗಿದಳು.

ಸುನಂದಾ ನಿಂತೇಬಿಟ್ಟಳು. ಚೆಂಡು ಪ್ರಮಿಳಾಳ ಕೈಗವಸಿನಲ್ಲಿ ಬಿದ್ದ ಸದ್ದು, ಯಾರೋ ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದ ಹಾಗೆ, ನಮ್ಮವರೆಗೆ ಬಂತು.

ಹುಡುಗಿಯರು ಓಡಿ ಹೋಗಿ ಅವಳನ್ನು ಸುತ್ತಿಕೊಂಡರು. ಮಾಸ್ತರರು ಮಾತ್ರ ಬೆಂಚಿನಿಂದ ಏಳಲಿಲ್ಲ.

‘ಸರ್, ಆಕಿ ರಿ ಅಂದ್ಲಲ್ರಿ.’

‘ಅಂದ್ಲು.’

‘ಮೈದಾನದಾಗ ರಿ ಅಂದು ಚೆಂಡ ಹಿಡದವರನ್ನ ನಾ ಎಲ್ಲೂ ಕೇಳಿಲ್ಲ. ಅಲ್ಲಿ ನಗ್ತಾರ್ರಿ ಈಕಿನ್ನ.’

‘ನಗಲಿ ಬಿಡ್ರಿ. ಕೂಗಿದ್ದು ಕೇಳಿಸ್ತೋ ಇಲ್ಲೋ?’

ಅವರು ಬೇಲಿಯ ಕಡೆ ನೋಡಿದರು. ‘ಕೇಳಿಸ್ತು. ಆಚಿ ಕಡೆ ಮೇಯಾಕತ್ತಿದ್ದ ಎಮ್ಮಿಗೂ ಕೇಳಿಸ್ತು, ತಲಿ ಎತ್ತಿ ನೋಡ್ತು.’ ಬೆಂಚಿನಿಂದ ಎದ್ದು, ‘ಕಳಸ್ತೀನಿ,’ ಎಂದರು.

ನಾನು ಸುನಂದಾಳನ್ನು ಕೇಳಿದೆ, ಯಾಕೆ ಹಾಗೆ ನಿಂತೆ ಎಂದು. ಅವಳು ನೀರು ಕುಡಿಯುತ್ತಿದ್ದಳು. ಬಾಟಲಿಯನ್ನು ಕೆಳಗಿಟ್ಟು, ‘ರಿ ಹಚ್ಚಿದ್ರೂ ಅಂಜಿಕಿ ಬಂತ್ರಿ ಸರ್,’ ಎಂದಳು. ‘ಇಷ್ಟ ವರ್ಷದಾಗ ನಮ್ಮ ಮನ್ಯಾಗ ಆಕಿ ಏನೂ ಕೇಳಿಲ್ಲ. ದಾರಿ ಬಿಟ್ಟೆ.’

ರಾಯಬಾಗ

ಪ್ರಮಿಳಾ ಹಾಸ್ಟೆಲ್ಲಿಗೆ ಹೋದಳು, ಅಲ್ಲಿಂದ ದೈಹಿಕ ಶಿಕ್ಷಣದ ಓದು ಮುಗಿಸಿ ರಾಯಬಾಗದ ಹತ್ತಿರದ ಒಂದು ಶಾಲೆಯಲ್ಲಿ ಕೆಲಸಕ್ಕೆ ಸೇರಿದಳು. ಇದನ್ನು ಬರೆಯಲು ಕೂತಾಗ ನನ್ನ ನೆನಪಿನ ಮೇಲೆ ಭರವಸೆ ಬಾರದೆ, ಒಂದು ಮಧ್ಯಾಹ್ನ ಅವಳ ಶಾಲೆಗೆ ಹೋದೆ. ಅವಳು ಕೊರಳಲ್ಲಿ ಸೀಟಿ ಹಾಕಿಕೊಂಡು ಬಯಲಿನಲ್ಲಿ ನಿಂತಿದ್ದಳು. ಕಾಲಿಗೆ ಬೂಟು, ಸೀರೆಯ ಸೆರಗು ಸೊಂಟಕ್ಕೆ. ಚಿಕ್ಕ ಹುಡುಗಿಯರು ಚೆಂಡಿನ ಹಿಂದೆ ‘ನಂದು, ನಂದು’ ಎಂದು ಗಂಟಲು ಹರಿಯುವ ಹಾಗೆ ಒದರುತ್ತಿದ್ದರು. ಹಾರದ ಚೆಂಡಿಗೂ ಒದರುತ್ತಿದ್ದರು.

ಬೇವಿನ ನೆರಳಲ್ಲಿ ಕೂತು, ಆ ಪ್ರವಾಸದಲ್ಲಿ ನಾನು ಕಂಡದ್ದನ್ನೂ ಕೇಳಿದ್ದನ್ನೂ ಅವಳಿಗೆ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಕಮಾನಿನ ಬಣ್ಣ ಕೇಳಿದ್ದಕ್ಕೆ ನೆನಪಿಲ್ಲ ಎಂದಳು. ಲುಂಬಿನಿಯ ಮಣ್ಣಿನ ಬಗ್ಗೆ ಹೇಳಿದ್ದು ಸರಿ ಎಂದಳು. ಆ ಕೂಗಿನ ಹತ್ತಿರ ಬಂದಾಗ ತಲೆ ಅಲ್ಲಾಡಿಸಿದಳು.

‘ನಾ ರಿ ಅಂದೇ ಇಲ್ರಿ ಸರ್. ಬರೇ ನಂದು ಅಂದೇನ್ರಿ.’

‘ಮಾಸ್ತರ್ರು ಕೇಳ್ಯಾರ. ನಾ ಕೇಳೀನಿ. ಸುನಂದಾನೂ ಹೇಳ್ಯಾಳ.’

‘ನೀವೆಲ್ಲಾ ದೂರ ಇದ್ರಿ. ಅಕ್ಕಾರು ಮೊದಲಿಂದ ಹಂಗ ಕೇಳಿ ರೂಢಿ, ಅವ್ರಿಗೆ ಹಂಗ ಕೇಳಿಸಿರತೈತಿ.’

ಮೂವರ ಸಾಕ್ಷಿ ಒಂದು ಕಡೆ, ಕೂಗಿದವಳ ಬಾಯಿ ಒಂದು ಕಡೆ. ನನ್ನ ತರಗತಿಯಲ್ಲಾದರೆ ಇದನ್ನು ಹೇಗೆ ತೂಗಬೇಕೆಂದು ಒಂದು ಗಂಟೆ ಪಾಠ ಮಾಡುತ್ತಿದ್ದೆ. ಇಲ್ಲಿ, ನಾನು ಕೇಳಿದ್ದನ್ನು ಕೇಳಿದ ಹಾಗೆಯೇ ಬರೆಯುತ್ತೇನೆಂದು ಅವಳಿಗೆ ಹೇಳಿದೆ.

‘ಬರೀರಿ ಸರ್, ಯಾರ ಬ್ಯಾಡಂತಾರ,’ ಎಂದಳು ಪ್ರಮಿಳಾ. ಎದ್ದು ಸೀಟಿಯನ್ನು ಬಾಯಿಗೆ ಇಟ್ಟುಕೊಂಡವಳು ಮತ್ತೆ ತೆಗೆದಳು. ‘ಆದ್ರ ಆ ರಿ ಅಷ್ಟ ತಗದ ಬರೀರಿ.’